ಮಾವಶಿಯ ಅಂಗಳದಿಂದ ಸಾಲಿ ಪಡಸಾಲಿಗೆ

ಮಿರಜಿಗೆ ಸೊಸೆಯಾಗಿ ಬಂದಾಗ ನನ್ನ ಹತ್ತಿರ ಮನಃಶಾಸ್ತ್ರದ ಬಿ.ಎ. ಇತ್ತು. ಅದರಿಂದ ಏನು ಉಪಯೋಗವೆಂದು ನನಗೂ ಗೊತ್ತಿರಲಿಲ್ಲ. ಮಾರ್ಕೆಟ್ಟಿನಲ್ಲಿ ಮಾವನವರ ಕಿರಾಣಿ ಅಂಗಡಿ. ಮನೆಯೊಳಗೆ ಕನ್ನಡ, ಹೊಸ್ತಿಲು ದಾಟಿದರೆ ಮರಾಠಿ. ಟಿವಿಯಲ್ಲಿ ಚಾನೆಲ್ಲುಗಳು ಹೆಚ್ಚುತ್ತಿದ್ದ ಕಾಲ ಅದು. ಸಾಂಗಲಿ ರಸ್ತೆಯ ಬದಿಯ ಹೊಲಗಳಲ್ಲಿ ಫ್ಲ್ಯಾಟುಗಳು ಏಳುತ್ತಿದ್ದವು, ಮಾಧವನಗರದಲ್ಲಿ ಗಿರಣಿ ಕೆಲಸ ಕಳಕೊಂಡವರು ಆಟೋ ಓಡಿಸತೊಡಗಿದ್ದರು.

ಆಗಲೇ ಅತ್ತೆಯ ತಂಗಿ ಮಾತಾಡುವುದನ್ನೇ ಬಿಟ್ಟರು. ನಾವೆಲ್ಲ ಮಾವಶಿ ಅನ್ನುತ್ತಿದ್ದ ಅವರು ಮಿರಜ ತಾಲೂಕಿನ ಹಳ್ಳಿ ಸಲಗರೆಯ ಒಕ್ಕಲು ಮನೆಯವರು. ಒಬ್ಬಳೇ ಮಗಳು ಬಾಣಂತನದಲ್ಲಿ ತೀರಿಕೊಂಡಿದ್ದಳು, ಕೂಸು ಉಳಿದಿತ್ತು. ಮಾವಶಿ ಮೊದಮೊದಲು ಅತ್ತರು, ಆಮೇಲೆ ಅಳುವುದನ್ನೂ ನಿಲ್ಲಿಸಿ ಗೋಡೆಗೆ ಒರಗಿ ಕೂತುಬಿಟ್ಟರು. ಹರಕೆ, ತಾಯತ ಎಲ್ಲ ಮುಗಿದ ಮೇಲೆ ಮಿರಜಿನ ಡಾಕ್ಟರೊಬ್ಬರು ನೋಡಿ, ಮೈಗೇನೂ ಆಗಿಲ್ಲ ಎಂದು ಹೇಳಿ ಬಾಯೋರ ಕಡೆ ಕಳಿಸಿದರು.

ಬಾಯೋರು ಅಂದರೆ ಎಲ್ಲರೂ ಹಾಗೆ ಕರೆಯುತ್ತಿದ್ದ ಒಬ್ಬ ಮರಾಠಿ ಮನಃಶಾಸ್ತ್ರಜ್ಞೆ. ಬೆಳಿಗ್ಗೆ ಸಾಂಗಲಿಯ ಕಾಲೇಜಿನಲ್ಲಿ ಪಾಠ, ಮಧ್ಯಾಹ್ನ ಮಿರಜಿನ ಎರಡು ಕೋಣೆಯಲ್ಲಿ ಬಂದವರ ಮಾತು ಕೇಳುವುದು. ಮಾವಶಿಗೆ ಬರುತ್ತಿದ್ದುದು ಸಂತೆಯ ಮರಾಠಿ, ಬಾಯೋರಿಗೆ ಕನ್ನಡ ಬರುತ್ತಿರಲಿಲ್ಲ. ನಡುವೆ ನಾನು ಕೂತೆ.

ಬಾಯೋರು ಅವಸರ ಮಾಡಲಿಲ್ಲ. ಬಹಳ ಹೊತ್ತಿನ ಮೇಲೆ ಮಾವಶಿ ಸೆರಗಿನ ತುದಿ ತಿರುವುತ್ತ ನನ್ನ ಕಡೆಗೇ ನೋಡಿ ಹೇಳಿದರು: "ಆ ಕೂಸು ನನ್ನ ಮಾರಿ ನೋಡಿ ನಗತೈತಿ. ನನಗ ಅದರ ಮ್ಯಾಲೆ ಸಿಟ್ಟು ಬರತೈತಿ. ಅದು ಉಳೀತು, ನನ್ನ ಮಗಳು ಹೋದ್ಲು. ಹಿಂಗ ಅನಸೂದು ಪಾಪ ಅಲ್ಲೇನ?"

ನಾನು ಬಾಯೋರ ಕಡೆ ತಿರುಗಿದೆ. ಮೊಮ್ಮಗುವನ್ನು ನೋಡಿದರೆ ದುಃಖವಾಗುತ್ತದಂತೆ ಎಂದಷ್ಟೇ ಮರಾಠಿಯಲ್ಲಿ ಹೇಳಿದೆ.

"ಅವರು ಇನ್ನೂ ಏನೋ ಹೇಳಿದರು. ಅದೆಲ್ಲಿ?" ಅಂದರು ಬಾಯೋರು.

"ಅದು ಹೇಳೋ ಹಾಗಿಲ್ಲರಿ. ಚೆಂದ ಇಲ್ಲ."

"ಚೆಂದ ಮಾಡೋದು ನಮ್ಮ ಕೆಲಸ ಅಲ್ಲ. ಅವರು ಕಷ್ಟಪಟ್ಟು ಹೊರಗೆ ತಂದ ಮಾತು. ಅಷ್ಟೂ ಕೊಡು ನನಗೆ."

ಕೊಟ್ಟೆ. ಬಾಯೋರು ಕುರ್ಚಿ ಹತ್ತಿರ ಎಳೆದುಕೊಂಡು ಮಾವಶಿಯ ಕೈ ಹಿಡಿದರು. "ಪಾಪ ಅಲ್ಲ ಅಂತ ಹೇಳು. ಮಕ್ಕಳನ್ನ ಕಳಕೊಂಡ ಎಷ್ಟೋ ತಾಯಂದಿರಿಗೆ ಹೀಗೆ ಅನಿಸುತ್ತೆ ಅಂತ ಹೇಳು. ನಿಧಾನ ಹೇಳು."

ಹೇಳಿದೆ. ಮಾವಶಿ ಬಿಕ್ಕಿ ಬಿಕ್ಕಿ ಅತ್ತರು. ಆಮೇಲೆ ವಾರ ವಾರ ಬಸ್ಸು ಹಿಡಿದು ಬಂದರು. ಮಳೆಗಾಲ ಮುಗಿಯುವ ಹೊತ್ತಿಗೆ ಕೂಸನ್ನು ಬಗಲಲ್ಲೇ ಎತ್ತಿಕೊಂಡು ಬರುತ್ತಿದ್ದರು.

ಒಂದು ದಿನ ಬಾಯೋರು ನನ್ನನ್ನು ತಡೆದು ನಿಲ್ಲಿಸಿದರು. "ಕನ್ನಡದವರು ಬಂದರೆ ನಾನು ಅರ್ಧಂಬರ್ಧ ಕೇಳಿ ಕಳಿಸ್ತೀನಿ. ಮರಾಠಿ ಬಲ್ಲವರಿಗೆ ಪೂರ್ತಿ ಕಿವಿ, ಇವರಿಗೆ ಅರ್ಧ. ಇದು ಸರಿಯಲ್ಲ. ನೀನು ಬಾ, ಕೆಲಸ ನಾನು ಕಲಿಸ್ತೀನಿ."

ಮನೆಯಲ್ಲಿ ಹೇಗೆ ಕೇಳುವುದೆಂದು ಎರಡು ದಿನ ಒದ್ದಾಡಿದೆ. ಕೊನೆಗೆ ಅತ್ತೆ ಜೋಳದ ಭಕ್ಕರಿ ಬಡಿಯುತ್ತಿದ್ದಾಗ ಹೇಳಿಬಿಟ್ಟೆ. "ಸೊಸಿ ಹುಚ್ಚರ ದವಾಖಾನಿಗಿ ಹೊಂಟಾಳ ಅಂತ ಮಂದಿ ಅಂದಾರ್ರಿ" ಎಂದೂ ನಾನೇ ಸೇರಿಸಿದೆ.

ಅತ್ತೆ ಕೈ ನಿಲ್ಲಿಸಲಿಲ್ಲ. "ನನ್ನ ತಂಗಿಗಿ ಮಾತು ಬಂತಲ್ಲ. ಮಂದಿ ಮಾತು ನಾ ನೋಡ್ಕೋತೀನಿ. ನೀ ಹೋಗ."

ಮುಂದಿನ ವರ್ಷ ಮಾವಶಿಯೇ ಬಾಯೋರನ್ನು ಸಲಗರೆಗೆ ಕರೆದರು. ಮನಸ್ಸಿನೊಳಗೇ ಕುದಿಯುವ ಹೆಂಗಸರು ಊರಲ್ಲಿ ಬಹಳ ಇದ್ದಾರೆ, ಅವರು ಮಿರಜಿಗೆ ಬರಲಾರರು ಎಂದರು. ಅಂಗಳ ಸಾರಿಸಿ ಜಮಖಾನೆ ಹಾಸಿದ್ದರು. ಓಣಿಯ ಹೆಂಗಸರೆಲ್ಲ ಬಂದು ಕೂತರು. ದಲಿತ ಕೇರಿಯಿಂದ ಬಂದವರು ಮಾತ್ರ ಬಾಗಿಲಾಚೆ ಬಿಸಿಲಲ್ಲಿ ನಿಂತರು. ಒಳಗೆ ಬರ್ರಿ ಎಂದು ಯಾರೂ ಅನ್ನಲಿಲ್ಲ, ಅವರೂ ಕಾಲು ಮುಂದಿಡಲಿಲ್ಲ. ನಾನು ಮಾವಶಿಯ ಮುಖ ನೋಡಿದೆ. ಅವರು ನೆಲ ನೋಡುತ್ತಿದ್ದರು.

ಬಾಯೋರು ಚಹಾ ಕುಡಿದು ಮುಗಿಸಿ, "ಮಕ್ಕಳಿಗೆ ರಜೆ, ಸಾಲಿ ಪಡಸಾಲಿ ಖಾಲಿ ಇದೆಯಂತೆ. ಅಲ್ಲಿ ಎಲ್ಲರಿಗೂ ಜಾಗ ಸಾಲುತ್ತೆ, ನಡೀರಿ" ಎನ್ನುತ್ತ ಎದ್ದರು. ಭಾಷಣವಿಲ್ಲ, ಬೈಗುಳವಿಲ್ಲ. ಹೊರಗೆ ನಿಂತವರ ಜೊತೆ ನಡೆದೇಬಿಟ್ಟರು. ನಾನು ಹಿಂದೆ ಹೋದೆ. ಓಣಿಯವರಲ್ಲಿ ಕೆಲವರಷ್ಟೇ ಬಂದರು, ಮಾವಶಿ ಬರಲಿಲ್ಲ. "ಮನೀಗಿ ಬಂದವ್ರು ಎದ್ದು ಹೋದ್ರಲ್ಲ" ಎಂದು ಅವರು ಅತ್ತ ಸುದ್ದಿ ಮಿರಜಿಗೂ ಬಂತು.

ವಾಪಸು ಬಸ್ಸಿನಲ್ಲಿ ನಾನು, "ಮಾವಶಿಗೆ ನೋವಾಯಿತೇನೋ" ಅಂದೆ.

"ಆಗಿರಬೇಕು. ನನಗೂ ಆಯಿತು" ಅಂದರು ಬಾಯೋರು. "ಆದರೆ ಬಿಸಿಲಲ್ಲಿ ನಿಂತವರು ದುಃಖ ಹೇಳೋದು ಹೇಗೆ?"

ಮುಂದಿನ ಸಲ ನಾವು ನೇರ ಸಾಲಿಗೇ ಹೋದೆವು. ಮಾತು ಶುರುವಾಗಿ ಸ್ವಲ್ಪ ಹೊತ್ತಿಗೆ ಮಾವಶಿ ಮನೆಯ ಜಮಖಾನೆಯನ್ನು ಹೆಗಲ ಮೇಲೆ ಹಾಕಿಕೊಂಡು ಬಂದರು. ಯಾರನ್ನೂ ನೋಡದೆ ಅದನ್ನು ಹಾಸಿ, ಒಂದು ಮೂಲೆಯಲ್ಲಿ ಕೂತರು. ಮಗನನ್ನು ಕಳಕೊಂಡ ಕೇರಿಯ ಒಬ್ಬಾಕೆ ಗೋಡೆಗೆ ಅಂಟಿಕೊಂಡು ನಿಂತಿದ್ದಳು. ಮಾವಶಿ ಅವಳ ಕಡೆ ತಿರುಗಿ, "ನಿಂತ್ಯಾಕವಾ, ಬಾ, ಇಲ್ಲೆ ಕುಂದ್ರು" ಎಂದರು. ಆಕೆ ಅಂಚಿನಲ್ಲಿ ಕೂತಳು. ಮಾವಶಿ ಸರಿದು ಇನ್ನಷ್ಟು ಜಾಗ ಬಿಟ್ಟರು. ಆ ದಿನ ಅವರಿಬ್ಬರೇ ಹೆಚ್ಚು ಮಾತಾಡಿದ್ದು. ನಾನು ಅನುವಾದ ಮಾಡಲು ಬಾಯಿ ತೆರೆದರೆ ಬಾಯೋರು ಬೇಡವೆಂದು ಕೈ ಮಾಡಿದರು.

ಊರು ಒಂದೇ ಸಲಕ್ಕೆ ಬದಲಾಗಲಿಲ್ಲ. ಓಣಿಯ ಕೆಲವರು ಮತ್ತೆಂದೂ ಬರಲಿಲ್ಲ. ಬಂದವರು ಮಾತ್ರ ವರ್ಷಗಟ್ಟಲೆ ಬಂದರು.

ಬಾಯೋರ ಒತ್ತಾಯಕ್ಕೆ ನಾನು ಎಂ.ಎ. ಮುಗಿಸಿದೆ. ಪರೀಕ್ಷೆಯ ದಿನಗಳಲ್ಲಿ ಅಡುಗೆ ಅತ್ತೆಯದು, ಪಾಠ ಬಾಯೋರದು. ಆಮೇಲೊಂದು ಮಧ್ಯಾಹ್ನ ಅವರು ಒಳಕೋಣೆಯ ತಮ್ಮ ಕುರ್ಚಿಯಲ್ಲಿ ನನ್ನನ್ನು ಕೂರಿಸಿ, ಹೊರಗೆ ಕಾಯುತ್ತಿದ್ದ ಹೆಂಗಸಿಗೆ ತಾವು ಕಲಿತಷ್ಟು ಕನ್ನಡದಲ್ಲಿ, "ಒಳಗ ಹೋಗ್ರಿ, ಇವರು ಎಲ್ಲಾ ಕೇಳತಾರ" ಎಂದು ಹೊರಗಿನಿಂದ ಬಾಗಿಲು ಎಳೆದುಕೊಂಡರು.

ನಾನು ಹೊರಗೆ ಬಂದಾಗ ಸಂಜೆಯಾಗಿತ್ತು. ಹೇಗಾಯಿತು, ಏನು ಹೇಳಿದಳು ಎಂದು ಬಾಯೋರು ಕೇಳಲಿಲ್ಲ.

"ಊಟ ಮಾಡಿದ್ದೀಯೋ ಇಲ್ಲವೋ?" ಅಂದರು. ಇಲ್ಲವೆಂದೆ. ತಮ್ಮ ಡಬ್ಬಿ ಬಿಚ್ಚಿ, ಎರಡು ಭಕ್ಕರಿಯಲ್ಲಿ ಒಂದನ್ನು ನನ್ನ ಕೈಗಿಟ್ಟರು.