ಶಕೀಲನ ಗಾಡಿಯ ಮೂರನೇ ಗೇರು

ಗುಡೂರಿನ ಗುರಲಿಂಗಪ್ಪನಿಗೆ ದಿನದ ಮೊದಲ ಸಂಕಟ ಅಂದರೆ ಎದುರು ಮನೆಯ ಶಕೀಲನ ಪಿಕಪ್ ಚಾಲೂ ಆಗುವ ಸದ್ದು. ಕೀಲಿ ತಿರುವಿದ್ದೇ ತಡ, ಅದು ಒಂದೇ ಏಟಿಗೆ ಗುರ್ರೆಂದು ಏಳುತ್ತಿತ್ತು. ಗುರಲಿಂಗಪ್ಪನ ಪಿಕಪ್ ಮಾತ್ರ ಅದೇ ಹೊತ್ತಿಗೆ ಟಕ್ ಟಕ್ ಎಂದು ಸುಮ್ಮನಾಗುತ್ತಿತ್ತು. ಅವನು ಬಾನೆಟ್ ಎತ್ತಿ, ಬ್ಯಾಟರಿಯ ತುದಿಗೆ ಹತ್ತಿದ ಬಿಳಿ ಪುಡಿಯನ್ನು ಬಿಸಿನೀರು ಹುಯ್ದು ತೊಳೆದು, ಉಪ್ಪುಕಾಗದದಿಂದ ತಿಕ್ಕಿ, ಮತ್ತೆ ಕೀಲಿ ತಿರುವುವಷ್ಟರಲ್ಲಿ ಶಕೀಲ ಇಳಕಲ್ ದಾರಿ ಹಿಡಿದಾಗಿರುತ್ತಿತ್ತು.

ಎರಡೂ ಗಾಡಿ ಒಂದೇ ಕಂಪನಿಯವು, ಒಂದೇ ವರ್ಷದವು. ಬಾಗಲಕೋಟೆಯ ಗುತ್ತಿಗೆದಾರನೊಬ್ಬ ತನ್ನ ಹಳೇ ಪಿಕಪ್‌ಗಳನ್ನು ಮಾರುತ್ತಾನೆಂದು ಕೇಳಿ ಇಬ್ಬರೂ ಕೂಡಿಯೇ ಹೋಗಿ ತಂದಿದ್ದರು. "ನೀ ಹಿರ್ಯಾವ, ಮೊದಲ ನೀ ಆರಿಸ್ಕೊ" ಅಂದಿದ್ದ ಶಕೀಲ. ಗುರಲಿಂಗಪ್ಪ ಬಣ್ಣ ಚೆಂದ ಇದ್ದದ್ದನ್ನು ಹಿಡಿದ. ಬಾಗಿಲು ನೆಗ್ಗಿದ್ದು ಶಕೀಲನ ಪಾಲಿಗೆ ಬಂತು. ಬೇರೆ ಯಾರಾದರೂ ಮೋಸ ಮಾಡಿದ್ದರೆ ಬೈದು ಹಗುರಾಗಬಹುದಿತ್ತು. ತಾನೇ ಆರಿಸಿದ್ದಾದ್ದರಿಂದ ಆ ದಾರಿಯೂ ಅವನಿಗೆ ಇರಲಿಲ್ಲ.

ಕುರಿ ಸಾಕುವ ಮನೆತನ ಅವನದು. ಅಣ್ಣ ಲಕ್ಷ್ಮಣ ಕುರಿ ಕಾಯುತ್ತಿದ್ದ, ಇವನು ಅಮೀನಗಡದ ಸಂತೆಗೆ ಕುರಿ ಸಾಗಿಸುತ್ತಿದ್ದ. ಗ್ಯಾರೇಜಿಗೆ ಹೋಗುವ ಪದ್ಧತಿಯೇ ಅವನಿಗಿರಲಿಲ್ಲ. ಹೆಡ್‌ಲೈಟು ಮಂಕಾದರೆ ಅರ್ಥಿಂಗ್ ವೈರಿನ ತುಕ್ಕು ಕೆರೆಯುತ್ತಿದ್ದ, ಬೆಲ್ಟು ಕಿರುಚಿದರೆ ಬಿಗಿ ಮಾಡುತ್ತಿದ್ದ. ಡೀಸೆಲ್ ಪೈಪಿನಲ್ಲಿ ಗಾಳಿ ಸೇರಿದರೆ ಮೊಬೈಲಿನಲ್ಲಿ ವಿಡಿಯೋ ನೋಡಿಕೊಂಡು ಕೈಪಂಪು ಒತ್ತಿ ಒತ್ತಿ ಹೊರಗೆ ಹಾಕುತ್ತಿದ್ದ. ಇದೆಲ್ಲ ಕಲಿತದ್ದು ದೊಡ್ಡ ಮಾತು ಅಂತ ಅವನಿಗೆ ಒಂದು ದಿನವೂ ಅನ್ನಿಸಲಿಲ್ಲ. ಶಕೀಲನಿಗೆ ಇಲ್ಲದ ಶಿಕ್ಷೆ ತನಗೆ ಬಂದಿದೆ ಅನ್ನಿಸುತ್ತಿತ್ತು.

"ಅವನ ಗಾಡಿ ಸಪ್ಪಳಾದ್ರ ನಿನ್ನ ಮಾರಿ ಯಾಕ ಹಂಗ ಆಗ್ತೈತಿ?" ಎಂದು ಹೆಂಡತಿ ಸವಿತಾ ಒಮ್ಮೆ ಕೇಳಿದಳು.

"ಏನ್ ಆಗ್ತೈತಿ?"

"ಹುಣಸಿಹಣ್ಣು ತಿಂದಂಗ."

ಒಂದು ಸಂಜೆ ಶಕೀಲನ ಗಾಡಿಯಡಿ ಕಪ್ಪನೆ ತೇವ ಕಂಡಿತು. ಗುರಲಿಂಗಪ್ಪನ ಎದೆ ಅರಳಿತು. ಆಯಿಲ್ ಸೋರಾಕತ್ತೈತಿ! ಅತ್ತಿತ್ತ ನೋಡಿ ಮಂಡಿಯೂರಿ, ಬೆರಳಿಗೆ ಹಚ್ಚಿಕೊಂಡು ಮೂಸಿದ. ಶುಂಠಿ ವಾಸನೆ ಬಂತು. ಮೇಲೆ ನೋಡಿದರೆ ಶಕೀಲನ ತಾಯಿ ರಂಜಾನಬಿ ಚಹಾದ ಪಾತ್ರೆ ಹಿಡಿದು ನಿಂತಿದ್ದಳು.

"ಏನ್ ಹುಡಕಾಕತ್ತೀಪಾ ಗುರಲಿಂಗ? ಚಹಾ ಬೇಕಂದ್ರ ಒಳಗ ಬಾ, ನೆಲಕ್ಕ ಚೆಲ್ಲಿದ್ದ್ಯಾಕ?"

ಅದಾದ ಮೇಲೆ ಕೆಲ ದಿನ ಅವನು ಆ ಮನೆಯ ಕಡೆ ಕತ್ತೆತ್ತಿ ನೋಡಲಿಲ್ಲ.

ಮಳೆಗಾಲ ಮುಗಿಯುತ್ತಿದ್ದಂತೆ ಊರಿನ ಸುನಂದಾ ಎಂಬ ಹುಡುಗಿಯ ಮದುವೆಯಾಯಿತು. ಮಂಚ, ಕಪಾಟು, ಹಾಸಿಗೆ ಎಲ್ಲ ಬೇವೂರಿನ ಗಂಡನ ಮನೆಗೆ ಮುಟ್ಟಿಸುವ ಕೆಲಸ ಶಕೀಲನದಾಗಿತ್ತು. ಸಾಮಾನು ಹೇರಿ ಹಗ್ಗ ಬಿಗಿಯುವಾಗ ಅವನು ಕಾಲು ಜಾರಿ ಬಿದ್ದು ಮಣಿಕಟ್ಟು ಮುರಿದುಕೊಂಡ. ದವಾಖಾನೆಗೆ ಹೊರಟವನು ಕೀಲಿ ತಂದು ಗುರಲಿಂಗಪ್ಪನ ಕೈಗಿಟ್ಟ.

"ಗಾಡಿ ತುಂಬಿ ನಿಂತೈತಿ, ಮತ್ತ ಇಳಿಸಿ ಹೇರೂದು ಆಗೂದಿಲ್ಲ. ನೀನ ಒಯ್ದು ಬಾ. ಖರೆ, ಸಾವಕಾಶ ಹೊಡಿ. ಅದಕ್ಕ ಸ್ವಲ್ಪ ಚಾಳಿ ಅದಾವ."

ತನ್ನ ಮೇಲೆ ನಂಬಿಕೆಯಿಲ್ಲ ಇವನಿಗೆ, ಅಂದುಕೊಂಡ ಗುರಲಿಂಗಪ್ಪ.

ಕೀಲಿ ತಿರುವಿದ. ಒಂದೇ ಏಟಿಗೆ ಚಾಲೂ. ಊರು ದಾಟಿ ಏರು ಹತ್ತುವಾಗ ಮೂರನೇ ಗೇರಿಗೆ ಹಾಕಿದ. ಖಟ್ ಎಂದು ಗೇರಿನ ಕಡ್ಡಿ ಹಾರಿ ನ್ಯೂಟ್ರಲ್ಲಿಗೆ ಬಂತು. ಮತ್ತೆ ಹಾಕಿದ, ಮತ್ತೆ ಹಾರಿತು. ಆಗ ಅವನಿಗೆ ಡ್ಯಾಶ್‌ಬೋರ್ಡಿನ ಕೆಳಗೆ ಜೋತುಬಿದ್ದ ಸೈಕಲ್ ಟ್ಯೂಬಿನ ತುಂಡು ಕಾಣಿಸಿತು. ಮೂರನೇ ಗೇರು ಹಾಕಿದ ಮೇಲೆ ಕಡ್ಡಿಗೆ ಸಿಕ್ಕಿಸಿ ಎಳೆದು ಹಿಡಿಯಲು ಶಕೀಲ ಕಟ್ಟಿಕೊಂಡ ಉಪಾಯ ಅದು. ಎಂಜಿನ್ನಿನ ಬಿಸಿ ತೋರಿಸುವ ಮುಳ್ಳೂ ಸತ್ತು ಬಿದ್ದಿತ್ತು. ಗುರಲಿಂಗಪ್ಪ ಒಬ್ಬನೇ ಕುಳಿತು ಜೋರಾಗಿ ನಕ್ಕ. ಇಷ್ಟು ಹಿಗ್ಗಿ ಎಷ್ಟೋ ಕಾಲವಾಗಿತ್ತು.

ಐಹೊಳೆಗೆ ತಿರುಗುವ ದಾರಿ ಹಿಂದಾದ ಮೇಲೆ ಬಾನೆಟ್ಟಿನಿಂದ ಹೊಗೆಯೆದ್ದಿತು. ಬೇವಿನ ಮರದಡಿ ನಿಲ್ಲಿಸಿ, ಎಂಜಿನ್ ಆರುವವರೆಗೆ ಮುಚ್ಚಳ ಮುಟ್ಟದೆ ಕಾದ. ರೇಡಿಯೇಟರಿನ ಮೇಲಿನ ರಬ್ಬರ್ ಪೈಪು ತುದಿಯಲ್ಲಿ ಸೀಳಿತ್ತು. ಸೀಳಿದಷ್ಟನ್ನು ಚಾಕುವಿನಿಂದ ಕೊಯ್ದು, ಉಳಿದದ್ದನ್ನು ಎಳೆದು ಕೂಡಿಸಿ, ಕ್ಲಿಪ್ ಬಿಗಿದು, ಹತ್ತಿರದ ಹೊಲದ ಬೋರಿನಿಂದ ನೀರು ತಂದು ತುಂಬಿಸಿದ. ಕಳಚಿ ಬಿದ್ದಿದ್ದ ಮುಳ್ಳಿನ ವೈರನ್ನೂ ಸಿಕ್ಕಿಸಿದ. ಸಾಮಾನು ಸಂಜೆಯೊಳಗೆ ಬೇವೂರು ಮುಟ್ಟಿತು.

ತಿರುಗಿ ಬರುವಾಗ ಗಾಡಿ ಖಾಲಿ. ಗೇರಿನ ಚಿಂತೆ ಬಿಡಲಿಲ್ಲ. ಗಾಡಿ ನಿಲ್ಲಿಸಿ ಕಡ್ಡಿಯ ಬುಡಕ್ಕೆ ಕೈ ಹಾಕಿದ. ಚೆಂದ ಕಾಣಲೆಂದು ಶಕೀಲ ಹೋದ ವರ್ಷ ಹಾಸಿದ್ದ ದಪ್ಪ ರಬ್ಬರ್ ಚಾಪೆಯ ಅಂಚು ಮಡಚಿಕೊಂಡು ಕಡ್ಡಿಗೆ ಅಡ್ಡ ಬಂದಿತ್ತು. ಕಡ್ಡಿ ಪೂರಾ ಮುಂದೆ ಹೋಗುತ್ತಲೇ ಇರಲಿಲ್ಲ. ಅಂಗೈಯಗಲ ಕೊಯ್ದು ತೆಗೆದರೆ ಮುಗಿಯಿತು. ಚಾಕು ಕೈಯಲ್ಲೇ ಇತ್ತು.

ಚಾಕು ಮಡಚಿ ಕಿಸೆಗೆ ಹಾಕಿಕೊಂಡ.

ಕೀಲಿ ಕೊಡುವಾಗ, "ನೀರಿನ ಪೈಪ್ ಸೀಳಿತ್ತು, ಸರಿ ಮಾಡೀನಿ. ಉಳಿದದ್ದೆಲ್ಲ ಭಾರಿ ಚಲೋ ಐತಿ" ಎಂದ. ಶಕೀಲ ಅವನ ಮುಖ ನೋಡುತ್ತಲೇ ಕೀಲಿ ತಗೊಂಡ.

ಕೈಗೆ ಪಟ್ಟಿ ಇದ್ದಷ್ಟು ದಿನ ಶಕೀಲನ ಗಾಡಿ ಅಂಗಳದಲ್ಲೇ ನಿಂತಿತ್ತು. ಓಣಿಯಲ್ಲಿ ಸದ್ದಿಲ್ಲ. ಆದರೂ ಗುರಲಿಂಗಪ್ಪನಿಗೆ ಊಟ ಸೇರಲಿಲ್ಲ. ಒಂದು ಮಧ್ಯಾಹ್ನ ಸವಿತಾ ರೊಟ್ಟಿ ಬಡಿಯುತ್ತಾ ಹೇಳಿದಳು: "ಶಕೀಲ ಗಾಡಿ ಮಾರ್ತಾನಂತ. ಗೇರ್ ಬಾಕ್ಸ್ ಹೋಗೇತಿ ಅಂತ ಯಾರೋ ಮೆಕ್ಯಾನಿಕ್ ಫೋನಿನ್ಯಾಗ ಹೇಳ್ಯಾರಂತ. ರಂಜಾನಬಿ ಅಳಾಕತ್ತಿದ್ಲು."

ಗುರಲಿಂಗಪ್ಪ ತಟ್ಟೆ ಬಿಟ್ಟು ಎದ್ದ. ಎದುರು ಮನೆಗೆ ಹೋಗಿ ಗಾಡಿಯ ಬಾಗಿಲು ತೆಗೆದು, ಚಾಪೆಯ ಅಂಚು ಕೊಯ್ದು ಹೊರಗೆಸೆದ. ಟ್ಯೂಬಿನ ತುಂಡನ್ನೂ ಕಿತ್ತ. ಶಕೀಲನನ್ನು ಪಕ್ಕಕ್ಕೆ ಕೂಡಿಸಿಕೊಂಡು ಏರಿನ ತನಕ ಹೊಡೆದ. ಮೂರನೇ ಗೇರು ಕೂತ ಜಾಗ ಬಿಟ್ಟು ಕದಲಲಿಲ್ಲ.

"ಇಷ್ಟ ಏನು?" ಅಂದ ಶಕೀಲ. ಆಮೇಲೆ ಮೆಲ್ಲಗೆ, "ಅವತ್ತ ಗೊತ್ತಿತ್ತೇನು ನಿನಗ?"

"ಹೂಂ."

"ಮತ್ಯಾಕ ಹೇಳ್ಲಿಲ್ಲ?"

"ಹೊಟ್ಟಿಕಿಚ್ಚು."

ಶಕೀಲನ ಮುಖ ಕೆಂಪಾಯಿತು. ಅವನು ಬಾಗಿಲು ತೆಗೆದು ಇಳಿದು ರಸ್ತೆಯಂಚಿನಲ್ಲಿ ನಿಂತ. ಹೊಡೆದಾನು ಅಂದುಕೊಂಡ ಗುರಲಿಂಗಪ್ಪ. ಶಕೀಲ ಕಲ್ಲೊಂದನ್ನು ಎಳ್ಳಿನ ಹೊಲಕ್ಕೆ ಒದ್ದು, ತಿರುಗಿ ಬಂದು ಕೂತ.

"ಬಾನೆಟ್ ತೆರೆದು ನಿಂತ ನಿನ್ನ ನೋಡಿ ನಾನೂ ಉರಕೊಂಡೀನಿ. ನನಗ ಒಂದ್ ನಟ್ ಬಿಚ್ಚಾಕ ಬರೂದಿಲ್ಲ. ಕೇಳಿದ್ರ ನಗ್ತೀ ಅಂತ ಟ್ಯೂಬ್ ಕಟಗೊಂಡು ತಿರುಗೀನಿ. ಕಲಸು ನನಗ. ಇಲ್ಲಂದ್ರ ಇವತ್ತಿಂದು ಮರಿಯೂದಿಲ್ಲ ನಾ."

ಗುರಲಿಂಗಪ್ಪ ಕಲಿಸಿದ. ಪಟ್ಟಿ ಬಿಚ್ಚಿದ ಮೇಲೆ ಬಿಡುವಿದ್ದಾಗೆಲ್ಲ ಇಬ್ಬರೂ ಓಣಿಯ ಬೇವಿನ ನೆರಳಲ್ಲಿ ಗಾಡಿ ಬಿಚ್ಚಿ ಕೂರತೊಡಗಿದರು. ಗುರಲಿಂಗಪ್ಪನ ಗಾಡಿಗೆ ಬೆಳಗಿನ ಕಾಟ ತಪ್ಪಿತು. ಸ್ಟಾರ್ಟರಿನ ವೈರು ಒಳಗೇ ಸಡಿಲಿದ್ದನ್ನು ಕಂಡುಹಿಡಿದವನು ಶಕೀಲ. ಅವನ ಬೆರಳು ಸಣ್ಣವು, ಕಣ್ಣು ಚುರುಕು, ಕಲಿಯುವುದು ಬೇಗ.

ಈಗ ಊರವರು ಗಾಡಿ ಕೆಟ್ಟರೆ ಶಕೀಲನನ್ನೇ ಕರೆಯುತ್ತಾರೆ. ಮೊನ್ನೆ ದುರಗಪ್ಪನ ಟ್ರ್ಯಾಕ್ಟರು ನಿಂತಾಗ ಗುರಲಿಂಗಪ್ಪ ತನ್ನ ಮನೆಯ ಕಟ್ಟೆಯ ಮೇಲೇ ಕೂತಿದ್ದ. ದುರಗಪ್ಪ ಅವನನ್ನು ದಾಟಿ ಹೋಗಿ ಎದುರು ಮನೆಯ ಬಾಗಿಲು ಬಡಿದ.

ಸವಿತಾ ಗಂಡನ ಮುಖ ನೋಡಿ, ನಗು ತಡೆಯಲು ಸೆರಗು ಬಾಯಿಗಿಟ್ಟುಕೊಂಡು ಒಳಗೆ ಹೋದಳು. ಗುರಲಿಂಗಪ್ಪ ಕೂತೇ ಇದ್ದ. ಆಮೇಲೆ ನಟ್ ಬಿಚ್ಚುವ ಪಾನಾ ಹುಡುಕಿ ಕೈಗೆ ತಗೊಂಡು, ಯಾರೂ ಕರೆಯದಿದ್ದರೂ ಟ್ರ್ಯಾಕ್ಟರಿನ ಕಡೆ ನಡೆದ.