ಪುಟ್ಟಗೌರಮ್ಮನ ಏಣಿ, ಮಗನ ಜೀಪು

ಪುಟ್ಟಗೌರಮ್ಮನ ಅರ್ಧ ಆಯುಷ್ಯ ಕಳೆದದ್ದು ಏಣಿಯ ಮೇಲೆ. ಪುಲ್ಪಳ್ಳಿಯ ಸುತ್ತಲ ತೋಟಗಳಲ್ಲಿ ಒಂಟಿ ಬಿದಿರಿನ ಏಣಿ ಹತ್ತಿ ಕರಿಮೆಣಸು ಬಿಡಿಸುವುದರಲ್ಲಿ ಗಂಡಸರೂ ಅವಳ ಸಮಕ್ಕೆ ಬರುತ್ತಿರಲಿಲ್ಲ. ವಯಸ್ಸಾಯಿತೆಂದು ಮಗ ರವಿಕುಮಾರ್ ಏಣಿ ಮುಟ್ಟಗೊಡದೆ ಕೂರಿಸಿದ್ದು ಅವಳನ್ನು ಒಳಗೊಳಗೇ ಉರಿಸುತ್ತಿತ್ತು.

ಈಗ ಅವನು ಹೊಸ ಜೀಪು ಕೊಂಡು, ಕಾಡುದಾರಿಯ ಬಂಡೆ ಹತ್ತಿಸಲೆಂದು ದಪ್ಪ ಟೈರು ಹಾಕಿಸಿ, ಇಡೀ ಗಾಡಿಯನ್ನೇ ಎತ್ತರಿಸಿಕೊಂಡು ಬಂದಿದ್ದ. ಮೊದಲ ಸುತ್ತು ಅವ್ವನಿಗೇ ಎಂದು ಬಾಗಿಲು ತೆರೆದರೆ, ಸೀಟು ಅವಳ ಎದೆಮಟ್ಟಕ್ಕಿತ್ತು. ಕಲ್ಲಿಗೆ ತಗಲುತ್ತದೆಂದು ಮೆಟ್ಟಿಲನ್ನು ಅವನೇ ಬಿಚ್ಚಿಸಿದ್ದ.

"ಎತ್ತಿ ಕೂರಿಸ್ತೀನಿ ಬಾ ಅವ್ವಾ."

"ನಾನೇನು ಮೆಣಸಿನ ಮೂಟೆಯೇನ್ಲಾ?"

ಹಿತ್ತಲಿಗೆ ಹೋದವಳು ತನ್ನ ಹಳೆಯ ಏಣಿಯನ್ನು ಎಳೆದು ತಂದು ಜೀಪಿಗೆ ಒರಗಿಸಿದಳು.

"ಅವ್ವಾ, ಹೊಸ ಬಣ್ಣ!" ಎಂದು ರವಿಕುಮಾರ್ ಕೂಗುವಷ್ಟರಲ್ಲಿ ಸೆರಗು ಸಿಕ್ಕಿಸಿ ಹತ್ತಿಯೂ ಆಗಿತ್ತು. ಸೀಟಿನ ಬಳಿ ನಿಲ್ಲದೆ ನೇರವಾಗಿ ಮೇಲಿನ ಕ್ಯಾರಿಯರ್‌ಗೆ ಹೋಗಿ ಕುಳಿತಳು. ಅಂಗಳದ ಮರಕ್ಕೆ ಹಬ್ಬಿದ್ದ ಮೆಣಸಿನ ಬಳ್ಳಿಯ ತುದಿ ಅಲ್ಲಿಂದ ಕೈಗೇ ಸಿಗುತ್ತಿತ್ತು. ಹಣ್ಣಾದ ಗೊಂಚಲೊಂದನ್ನು ಮುಟ್ಟಿ ನೋಡಿದವಳ ಮುಖ ಅರಳಿತು.

"ಒಂದು ಚೀಲ ತಂದು ಇತ್ತ ಎಸಿ. ನಿನ್ನ ಜೀಪು ವಂಡೀನ ಇನ್ನೊಂಚೂರು ಮರದ ಬುಡಕ್ಕೆ ತಗೋ."