ಹಲಗೆ ಸಂದಿಯ ಕಾವು

“ಅವಳಿಗೇನ್ರೀ, ಹಣೇಲಿ ಬರೆಸ್ಕೊಂಡೇ ಬಂದಿದ್ದಾಳೆ. ಒಂದೇ ಮನೆಯ ಎರಡು ಮಹಡಿ, ಕೆಳಗೆ ನಾನು, ಮೇಲೆ ನನ್ನ ಓರಗಿತ್ತಿ. ಮೆಟ್ಟಿಲ ಕೆಳಗೆ ಎರಡು ಮೀಟರು ಅಕ್ಕಪಕ್ಕ ಕೂತಿವೆ, ಹೋಗಿ ನೋಡಿ. ನಂದು ಬುಗುರಿ ಥರ ತಿರುಗತ್ತೆ, ಅವಳದು ತುಂಬು ಬಸುರಿ ಥರ ನಡೆಯತ್ತೆ. ಒಂದು ಹೀಟರ್ ಹಾಕಲ್ಲ, ಆದ್ರೂ ಅವಳ ಮನೆ ಬೆಚ್ಚಗೆ! ನಾನು ದಿನವಿಡೀ ಇಸ್ತ್ರಿ ಹಿಡಿದು, ಕಾಲ ಹತ್ರ ಹೀಟರ್ ಇಟ್ಕೊಂಡ್ರೂ ಪಾದ ಮರಗಟ್ಟತ್ತೆ. ಅದೂ ಹೋಗ್ಲಿ ಅಂದ್ಕೊಂಡೆ. ಅತ್ತೇನೂ ಎಳ್ಕೊಂಡ್ಲಲ್ಲ! ಇಷ್ಟು ವರ್ಷ ನನ್ನ ಹತ್ರ ಇದ್ದೋರು, ಚಳಿ ಶುರುವಾಗಿದ್ದೇ ತಡ, ‘ಚಿಕ್ಕವಳ ಮನೆ ಬೆಚ್ಚಗಿದೆ ಕಣೇ’ ಅಂತ ದಿಂಬು ಕಂಕುಳಲ್ಲಿಟ್ಕೊಂಡು ಮೆಟ್ಟಿಲು ಹತ್ತಿಬಿಟ್ರು. ಆ ದಿಂಬಿನ ಕವರು ಇಸ್ತ್ರಿ ಮಾಡಿದ್ದೂ ನಾನೇ!”

ಬಟ್ಟೆ ತಂದವರಿಗೆಲ್ಲ ಇಸ್ತ್ರಿಯಮ್ಮ ಒಪ್ಪಿಸುತ್ತಿದ್ದ ಪಾಠ ಇದು. ಅದೂ ಇಸ್ತ್ರಿ ಪೆಟ್ಟಿಗೆಯನ್ನು ಬದಿಗಿಟ್ಟು ಬಟ್ಟೆ ಮಡಿಸುವಾಗ ಮಾತ್ರ. ಪೆಟ್ಟಿಗೆ ಕೈಗೆ ಬಂತೋ, ಬಾಯಿಗೆ ಬೀಗ. ಗಂಡ ಕೆಲಸಕ್ಕಿದ್ದ ಗಿರಣಿ ಮುಚ್ಚಿ, ಅವಳು ಇಸ್ತ್ರಿ ಮೇಜು ಹಾಕಿಕೊಂಡ ಹೊಸತರಲ್ಲಿ, ಹರಟುತ್ತಾ ಉಜ್ಜಿ ಒಬ್ಬ ಮದುಮಗನ ಅಂಗಿಯ ಕಾಲರು ಸುಟ್ಟಿದ್ದಳು. ಅಂದಿನಿಂದ ಕಾದ ಪೆಟ್ಟಿಗೆ ಹಿಡಿದಾಗ ಯಾರು ಕರೆದರೂ ‘ಹೂಂ’ ಎನ್ನುವವಳಲ್ಲ. ಆಮೇಲೆ ಒಂದು ಕಾಲರೂ ಸುಡಲಿಲ್ಲ, ನಿಜ. ಮೂಲೆಯಲ್ಲಿ ಕೂತ ಅತ್ತೆಗೆ ಮಾತ್ರ ಬೆಳಗಿನಿಂದ ಕತ್ತಲಾಗುವವರೆಗೆ ಬಟ್ಟೆಯ ಮೇಲೆ ಪೆಟ್ಟಿಗೆ ಸರಿಯುವ ಸದ್ದೊಂದೇ ಗತಿಯಾಗಿತ್ತು.

ಕಿಟಕಿಯ ಸಂದಿಗೆ ರಬ್ಬರ್ ಪಟ್ಟಿ ಹೊಡೆಸಿದರೆ ಮನೆ ಬೆಚ್ಚಗಾದೀತೆಂದು ಇಸ್ತ್ರಿಯಮ್ಮ ಬಡಗಿಯನ್ನು ಕರೆಸಿದಳು. ಅವನು ಬಂದವನೇ ಸಿಗರೇಟು ಹಚ್ಚಿದ.

“ಒಗೆದ ಬಟ್ಟೆ ಇರೋ ಕಡೆ ಹೊಗೆ ಬಿಡ್ತೀಯಲ್ಲಪ್ಪಾ, ಆರಿಸು!”

“ಆರಿಸ್ತೀನಿ ಇರಕ್ಕಾ. ಮೊದಲು ಹೊಗೆ ಎಲ್ಲಿಗೆ ಹೋಗ್ತಿದೆ ನೋಡು.”

ಹೊಗೆ ಕಿಟಕಿಯತ್ತ ತಿರುಗಲೇ ಇಲ್ಲ. ನೆಟ್ಟಗೆ ಮೇಲಕ್ಕೇರಿ, ಮೇಲಿನ ಮನೆಗೆ ನೆಲವಾದ ಸೂರಿನ ಹಲಗೆಗಳ ಸಂದಿಯಲ್ಲಿ ತೂರಿ ಮಾಯವಾಯಿತು.

“ನಿನ್ನ ಕಾವೂ ಅದೇ ದಾರಿ ಹಿಡಿದಿದೆ. ಉಜ್ಜೋಳು ನೀನು, ಬೆಚ್ಚಗಾಗೋದು ಮೇಲಿನ ಮನೆ.”

ಇಸ್ತ್ರಿಯಮ್ಮನ ಹೊಟ್ಟೆಗೆ ಕೆಂಡ ಸುರಿದಂತಾಯಿತು. “ಕರೆಂಟು ನಂದು, ರಟ್ಟೆ ನಂದು, ಒಳ್ಳೇ ಸೊಸೆ ಅನ್ನಿಸ್ಕೊಳ್ಳೋದು ಅವಳು! ಮುಚ್ಚಪ್ಪಾ, ಒಂದು ಸಂದಿಯೂ ಬಿಡ್ಬೇಡ.”

“ಮೇಲಿನವರಿಗೆ ಚಳಿ ಆಗತ್ತಲ್ಲಕ್ಕಾ?”

“ಆಗ್ಲಿ. ನಾನೇನು ಅವರ ಮನೆ ಒಲೆಯಾ?”

ಪೇಪರಿನ ಹಿಂದಿನಿಂದ ಗಂಡ ಬಾಯಿ ಹಾಕಿದ. “ಇಷ್ಟೆಲ್ಲಾ ಯಾಕೆ? ಮನೆ ಕಾಯಿಸೋಕೆ ನಿನ್ನ ಹೊಟ್ಟೆಕಿಚ್ಚೇ ಸಾಕಲ್ಲ.”

“ನೀವು ಸುಮ್ನೆ ಓದ್ಕೊಳ್ಳಿ!”

ಬಡಗಿ ಸೂರಿನ ಉದ್ದಗಲಕ್ಕೂ ದಪ್ಪ ಥರ್ಮಾಕೋಲ್ ಹೊಂದಿಸಿ, ಮರದ ಪಟ್ಟಿ ಬಡಿದ. ಕೋಣೆ ಕಾವು ಹಿಡಿದು ನಿಂತಿತು. ಹೀಟರ್ ಅಟ್ಟ ಸೇರಿತು. ಅವಳ ಮೀಟರು ನಿಧಾನವಾಯಿತು, ಪಕ್ಕದ್ದು ಓಡತೊಡಗಿತು. ಮೆಟ್ಟಿಲ ಕೆಳಗೆ ಗುಡಿಸುವ ನೆಪದಲ್ಲಿ ಇಸ್ತ್ರಿಯಮ್ಮ ಅದನ್ನು ಕಣ್ತುಂಬ ನೋಡಿ ಬಂದಳು. ಅತ್ತೆಯ ಮಂಚ ಒರೆಸಿ, ಹೊಸ ದಿಂಬಿನ ಕವರು ಇಸ್ತ್ರಿ ಮಾಡಿಟ್ಟು, ಮೆಟ್ಟಿಲ ಕಡೆ ಕಿವಿ ಇಟ್ಟಳು.

ಅತ್ತೆ ಬರಲಿಲ್ಲ. ಚಳಿ ಹೆಚ್ಚಿತು, ಆಗಲೂ ಬರಲಿಲ್ಲ. ಮೇಲಿಂದ ಕೇಳುತ್ತಿದ್ದ ಅವರ ಕೆಮ್ಮು, ಮಂಚದ ಕಿರುಗುಟ್ಟುವಿಕೆ ಕೂಡ ಥರ್ಮಾಕೋಲಿನಾಚೆಗೇ ಉಳಿದವು. ಇದ್ದಾರೋ, ಎದ್ದಿದ್ದಾರೋ, ಒಂದೂ ತಿಳಿಯದು. ತಡೆಯಲಾರದೆ ಇಸ್ತ್ರಿಯಮ್ಮ ತಾನೇ ಮೆಟ್ಟಿಲು ಹತ್ತಿದಳು.

ಎರಡು ಸ್ವೆಟರಿನ ಮೇಲೊಂದು ಕಂಬಳಿ ಹೊದ್ದು ಅತ್ತೆ ಮಂಚದ ಮೇಲೆ ಇಸ್ಪೀಟು ಹಿಡಿದು ಕೂತಿದ್ದರು. ಎದುರಿಗೆ ಓರಗಿತ್ತಿ. ಇಬ್ಬರ ಮೂಗೂ ಕೆಂಪು, ಇಬ್ಬರ ಬಾಯಲ್ಲೂ ನಗು.

“ಬಾ ಅಕ್ಕಾ, ಕೂತ್ಕೋ. ಅತ್ತೆ ಮತ್ತೆ ಎಲೆ ಕದ್ರು!”

“ಕೆಳಗೆ ಈಗ ಬೆಚ್ಚಗಿದೆ. ಬನ್ನಿ ಅತ್ತೆ,” ಎಂದಳು ಇಸ್ತ್ರಿಯಮ್ಮ, ಓರಗಿತ್ತಿಯ ಮುಖ ನೋಡದೆ.

“ಇರಬಹುದು ಕಣೇ. ಆದ್ರೆ ನೀನು ಬಾಯಿ ಬಿಡಲ್ವಲ್ಲ. ಚಳಿಗಾದ್ರೆ ಕಂಬಳಿ ಇದೆ, ಬೇಜಾರಿಗೆ ಏನು ಹೊದ್ಕೊಳ್ಲಿ? ಇವಳು ನೋಡು, ಪಾತ್ರೆ ತೊಳೀತಾನೂ ಮಾತಾಡ್ತಾಳೆ.”

ಇವಳು, ಇವಳು! ಇಸ್ತ್ರಿಯಮ್ಮ ಮೆಟ್ಟಿಲಿಳಿಯುವಾಗ ಆ ಒಂದು ಮಾತು ಅಂಗಾಲಿನ ಮುಳ್ಳಿನಂತೆ ಚುಚ್ಚಿತು. ಮಾತಂತೆ! ಮಾತು ತನಗೆ ಬರುವುದಿಲ್ಲವೇ?

ಮರುದಿನ ಅವಳು ಬಡಗಿಗೆ ಹೇಳಿಕಳಿಸಲಿಲ್ಲ. ಸ್ಟೂಲು ಹತ್ತಿ, ಉಳಿಯಿಂದ ತಾನೇ ಪಟ್ಟಿ ಮೀಟಿ, ಒಂದು ಮೂಲೆಯ ಥರ್ಮಾಕೋಲನ್ನು ಕೆಳಗಿಳಿಸಿದಳು. ಮೇಲೆ ಅತ್ತೆಯ ಮಂಚ ಇರುವ ಕಡೆಯದು, ಅಷ್ಟು ಮಾತ್ರ. ಓರಗಿತ್ತಿ ಮಲಗುವ ಕಡೆಯದನ್ನು ಮುಟ್ಟಲಿಲ್ಲ. ಅಲ್ಲಿ ಪಟ್ಟಿಗೆ ಇನ್ನೊಂದು ಮೊಳೆ ಬಡಿದಳು.

“ಸೂರಿಗೆ ಕಿಟಕಿ ಇಟ್ಯಾ?” ಎಂದ ಗಂಡ.

“ಮೇಜು ಹಿಡ್ಕೊಳ್ಳಿ,” ಎಂದಳು.

ಮೇಜು ಆ ಮೂಲೆಗೆ ಸರಿಯಿತು. ಹಲಗೆಯ ಸಂದಿಯಿಂದ ಹಳೆಯ ಕೆಮ್ಮು ಇಳಿದು ಬಂತು. ಇಸ್ತ್ರಿಯಮ್ಮ ಒಂದು ಅಂಗಿ ಹರಡಿ, ನೀರು ಚಿಮುಕಿಸಿ, ತೋಳು ಉಜ್ಜಿ, ಪೆಟ್ಟಿಗೆಯನ್ನು ಎತ್ತಿ ನಿಲ್ಲಿಸಿಟ್ಟಳು.

“ಅತ್ತೇ, ಕೇಳಿಸ್ತಾ? ಎದುರುಮನೆ ಡ್ರೈವರ್ ಹೊಸ ಅಂಗಿ ಹೊಲಿಸಿದ್ದಾನೆ. ಒಂದು ಗುಂಡಿ ಥರ ಇನ್ನೊಂದಿಲ್ಲ.”

“ಯಾವ ಬಣ್ಣದ್ದೇ?” ಎಂದಿತು ಸೂರು.

“ಹೇಳ್ತೀನಿ ಇರಿ, ಕಾಲರೊಂದು ಮುಗೀಲಿ,” ಎಂದು ಪೆಟ್ಟಿಗೆ ಎತ್ತಿಕೊಂಡು ಅವಳು ಕಾಲರಿನ ಮೇಲೆ ಬಾಗಿದಳು.